ಬನಗಾಂವಿನ ಕಾಲರಾ ದಾಖಲೆ (೧೯೭೧): ಒಂದು ವಿಚಾರ

ನಿರಾಶ್ರಿತರ ಆರೋಗ್ಯದ ಇತಿಹಾಸವನ್ನು ಬರೆಯಹೊರಟವರಿಗೆ ಮೊದಲು ಎದುರಾಗುವ ತೊಡಕು ಆಧಾರಗಳದು. ನೆಲೆ ತಪ್ಪಿದ ಜನರ ಜನನಮರಣಗಳನ್ನು ಬರೆದಿಡುವ ಶಾನುಭೋಗನಿಲ್ಲ. ಅವರನ್ನು ಬರಮಾಡಿಕೊಂಡ ನಾಡಿನ ಆಸ್ಪತ್ರೆಗಳ ದಾಖಲೆಗಳಲ್ಲಿಯೇ ನಾವು ಅವರನ್ನು ಅರಸಬೇಕಾಗುತ್ತದೆ. ಅಂತಹ ದಾಖಲೆ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನು ಒಂದು ನಿದರ್ಶನದಿಂದ ಪರಿಶೀಲಿಸೋಣ.

೧೯೭೧ರ ಮಾರ್ಚಿಯಿಂದ ಮೊದಲ್ಗೊಂಡು ಪೂರ್ವ ಪಾಕಿಸ್ತಾನದಿಂದ ಭಾರತಕ್ಕೆ ಬಂದವರ ಸಂಖ್ಯೆ ವರ್ಷಾಂತ್ಯದ ವೇಳೆಗೆ ಸುಮಾರು ಒಂದು ಕೋಟಿ. ಕಿಕ್ಕಿರಿದ ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಪಶ್ಚಿಮ ಬಂಗಾಳದ ಗಡಿಯ ಬನಗಾಂವ್ ಆಸ್ಪತ್ರೆಗೆ ಕಲ್ಕತ್ತೆಯ ಜಾನ್ಸ್ ಹಾಪ್‌ಕಿನ್ಸ್ ಸಂಶೋಧನ ಕೇಂದ್ರದಿಂದ ಜೂನ್ ತಿಂಗಳಲ್ಲಿ ಬಂದ ವೈದ್ಯ ದಿಲೀಪ್ ಮಹಾಲನಬೀಸರು, ರೋಗಿಗಳು ನೆಲದ ಮೇಲೆಯೇ ಬಿದ್ದಿರುವುದನ್ನು ಕಂಡರು. ರಕ್ತನಾಳಕ್ಕೆ ಹರಿಸುವ ದ್ರಾವಣವಾಗಲಿ ಅದನ್ನು ಕೊಡಬಲ್ಲ ನುರಿತವರಾಗಲಿ ಸಾಕಷ್ಟಿರಲಿಲ್ಲ.

ಆದಕಾರಣ ಅವರು ಕುಡಿಯುವ ದ್ರಾವಣವನ್ನು ಆಶ್ರಯಿಸಿದರು. ಒಂದು ಲೀಟರು ನೀರಿಗೆ ೨೨ ಗ್ರಾಂ ಗ್ಲೂಕೋಸು, ೩.೫ ಗ್ರಾಂ ಉಪ್ಪು, ೨.೫ ಗ್ರಾಂ ಅಡಿಗೆ ಸೋಡ: ಇಷ್ಟೇ ಅದರ ಪ್ರಮಾಣ. ಗ್ಲೂಕೋಸಿನೊಡನೆ ಲವಣವನ್ನೂ ನೀರನ್ನೂ ಹೀರಿಕೊಳ್ಳುವ ಕರುಳಿನ ಶಕ್ತಿ ಕಾಲರಾದಲ್ಲಿಯೂ ಉಳಿದಿರುತ್ತದೆ. ಈ ಚಿಕಿತ್ಸೆ ೧೯೬೮ರಲ್ಲಿಯೇ ಢಾಕಾದ ರೋಗಿಗಳಲ್ಲಿ ಪರೀಕ್ಷಿತವಾಗಿದ್ದಿತು. ಆದರೆ ಅದು ವೈದ್ಯರ ಕಣ್ಗಾವಲಿನಲ್ಲಿ ನಡೆದದ್ದು. ಬನಗಾಂವಿನಲ್ಲಿ ರೋಗಿಯ ಬಂಧುಗಳೇ ಲೋಟ ಹಿಡಿದು ಕುಡಿಸಿದರು. ೧೯೭೩ರಲ್ಲಿ ಪ್ರಕಟವಾದ ವರದಿಯಂತೆ, ಸುಮಾರು ಎರಡು ತಿಂಗಳಲ್ಲಿ ಚಿಕಿತ್ಸೆ ಪಡೆದ ೩,೭೦೦ ರೋಗಿಗಳಲ್ಲಿ ಸತ್ತವರು ನೂರಕ್ಕೆ ೩.೬, ಮೊದಲ ದಿನಗಳಲ್ಲಿ ಅಲ್ಲಿಯ ಮರಣಪ್ರಮಾಣ ನೂರಕ್ಕೆ ಸುಮಾರು ೩೦ ಇದ್ದಿತು.

ಈ ಅಂಕಿಗಳನ್ನು ಇತಿಹಾಸಕಾರನು ತೂಗಿ ನೋಡಬೇಕು. ಔಷಧವನ್ನು ಕೊಡದೆ ಹೋಲಿಕೆಗಾಗಿ ಕೆಲವರನ್ನು ಬೇರೆ ಇರಿಸುವುದು ಅಲ್ಲಿ ಸಾಧ್ಯವೂ ಇರಲಿಲ್ಲ, ಧರ್ಮವೂ ಆಗುತ್ತಿರಲಿಲ್ಲ. ಆದ್ದರಿಂದ ಹೋಲಿಕೆ ನಡೆದದ್ದು ಅದೇ ಆಸ್ಪತ್ರೆಯ ಹಿಂದಿನ ದಿನಗಳೊಡನೆ. ಅಲ್ಲದೆ ಎಣಿಕೆಗೆ ಬಂದವರು ಆಸ್ಪತ್ರೆಯನ್ನು ಮುಟ್ಟಿದವರು ಮಾತ್ರ. ದಾರಿಯಲ್ಲಿ ಅಳಿದವರೂ ಗುಡಾರದಲ್ಲಿಯೇ ಕಣ್ಮುಚ್ಚಿದವರೂ ಈ ಲೆಕ್ಕದ ಹೊರಗೆ ಉಳಿದರು. ಹೀಗಾಗಿ ೩.೬ ಎಂಬುದು ಒಂದು ಚಿಕಿತ್ಸೆಯ ಫಲವನ್ನು ತಿಳಿಸುವ ಅಂಕಿ. ಅದನ್ನು ನಿರಾಶ್ರಿತ ಜನಾಂಗದ ಮರಣಪ್ರಮಾಣವೆಂದು ಉದಾಹರಿಸುವುದು ತಪ್ಪಾಗುತ್ತದೆ.

ಹಾಗೆಂದು ದಾಖಲೆಯ ಬೆಲೆ ಕುಂದುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ೧೯೭೮ರಲ್ಲಿ ಆರಂಭಿಸಿದ ಅತಿಸಾರ ನಿಯಂತ್ರಣ ಕಾರ್ಯಕ್ರಮಕ್ಕೆ ಇದೇ ಬಗೆಯ ದ್ರಾವಣವು ಆಧಾರವಾಯಿತು. ವೈದ್ಯರ ಹೆಸರು ಗ್ರಂಥಗಳಲ್ಲಿ ನಿಂತಿದೆ. ಲೋಟ ಹಿಡಿದ ಬಂಧುಗಳ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಅವರೂ ನಿರಾಶ್ರಿತರೇ. ಈ ಅಧ್ಯಾಯವನ್ನು ಬರೆಯುವಾಗ ಅವರನ್ನು ಕೇವಲ ರೋಗಿಗಳ ಸಾಲಿನಲ್ಲಿ ನಿಲ್ಲಿಸದೆ, ಶುಶ್ರೂಷಕರ ಸಾಲಿನಲ್ಲಿಯೂ ಎಣಿಸುವುದು ನಮ್ಮ ಕರ್ತವ್ಯವಾಗಿದೆ.