ಪೋಲಿಯೊ ವೈರಸ್ ಮತ್ತು ಪ್ರಯೋಗಪ್ರಾಣಿಗಳ ನರಮಂಡಲ

ಪೋಲಿಯೊ ವೈರಸ್ ಕೇಂದ್ರ ನರಮಂಡಲವನ್ನು, ಅಂದರೆ ಮಿದುಳು ಮತ್ತು ಮಿದುಳುಬಳ್ಳಿಯನ್ನು, ಹೇಗೆ ಕೆಡಿಸುತ್ತದೆ ಎಂಬುದರ ಪ್ರಾಯೋಗಿಕ ಅಧ್ಯಯನ 1908ರಲ್ಲಿ ವಿಯೆನ್ನಾದಲ್ಲಿ ಆರಂಭವಾಯಿತು. ಕಾರ್ಲ್ ಲ್ಯಾಂಡ್‌ಸ್ಟೈನರ್ ಮತ್ತು ಎರ್ವಿನ್ ಪಾಪ್ಪರ್ ಅವರು ಈ ರೋಗದಿಂದ ಮೃತಪಟ್ಟ ಬಾಲಕನೊಬ್ಬನ ಮಿದುಳುಬಳ್ಳಿಯನ್ನು ಅರೆದು ಮೊಲ, ಗಿನಿಯಿಲಿ ಮತ್ತು ಇಲಿಗಳಿಗೆ ಚುಚ್ಚಿದಾಗ ಯಾವ ರೋಗವೂ ತಲೆದೋರಲಿಲ್ಲ. ಎರಡು ಕೋತಿಗಳ ಹೊಟ್ಟೆಗೆ ಚುಚ್ಚಿದಾಗ ಮಾತ್ರ ಎರಡರ ಮಿದುಳುಬಳ್ಳಿಯಲ್ಲೂ ಮನುಷ್ಯರಲ್ಲಿರುವಂಥದೇ ಹಾನಿ ಕಂಡುಬಂದಿತು. ಬ್ಯಾಕ್ಟೀರಿಯಾಗಳನ್ನು ತಡೆಹಿಡಿಯುವ ಸೋಸುಕದಿಂದ ಇಳಿದ ದ್ರವವೂ ರೋಗ ತರುತ್ತದೆಂದು 1909ರಲ್ಲಿ ತಿಳಿದುಬಂದ ಮೇಲೆ, ಇದಕ್ಕೆ ವೈರಸ್ಸೇ ಕಾರಣವೆಂಬುದು ಖಚಿತವಾಯಿತು.

ಸೋಂಕಿತ ಕೋತಿಯ ಮಿದುಳುಬಳ್ಳಿಯ ಮುಂಗೊಂಬಿನಲ್ಲಿ, ಸ್ನಾಯುಗಳಿಗೆ ಆಜ್ಞೆ ಕಳಿಸುವ ಚಾಲಕ ನರಕೋಶಗಳಿಗೆ ಮೊದಲ ಪೆಟ್ಟು ಬೀಳುತ್ತದೆ. ಬಣ್ಣ ಹಾಕಿದಾಗ ಚುಕ್ಕಿಗಳಂತೆ ಕಾಣುವ ನಿಸ್ಲ್ ಕಣಗಳು ಕರಗಿ, ಕೋಶಕೇಂದ್ರ ಮುದುಡಿ, ಸತ್ತ ನರಕೋಶವನ್ನು ಭಕ್ಷಕ ಕೋಶಗಳು ಕಬಳಿಸುತ್ತವೆ. ಆಜ್ಞೆ ತಪ್ಪಿದ ಸ್ನಾಯು ಜೋತುಬಿದ್ದು ಕ್ರಮೇಣ ಸೊರಗುತ್ತದೆ.

ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಸೈಮನ್ ಫ್ಲೆಕ್ಸ್‌ನರ್ ವೈರಸ್ಸನ್ನು ಕೋತಿಯಿಂದ ಕೋತಿಯ ಮಿದುಳಿಗೆ ಸತತವಾಗಿ ದಾಟಿಸಿದ ಪರಿಣಾಮವಾಗಿ, ನರಕೋಶಗಳಲ್ಲಷ್ಟೇ ಚೆನ್ನಾಗಿ ಬೆಳೆಯುವ ತಳಿಯೊಂದು ಉಳಿಯಿತು. ರೀಸಸ್ ಕೋತಿಗೆ ಬಾಯಿಯ ಮೂಲಕ ಸೋಂಕು ತಗಲುವುದು ಕಷ್ಟ, ಮೂಗಿನ ಮೂಲಕ ಸುಲಭ. ಈ ಎರಡೂ ಸೇರಿ, ವೈರಸ್ ಘ್ರಾಣ ನರಗಳ ಹಾದಿಯಲ್ಲಿ ಮಿದುಳು ಸೇರುತ್ತದೆಂಬ ತಪ್ಪು ಕಲ್ಪನೆ ದಶಕಗಳ ಕಾಲ ಬೇರೂರಿತು. ಪ್ರಾಣಿಯ ಆಯ್ಕೆಯೇ ಫಲಿತಾಂಶವನ್ನು ಮೊದಲೇ ನಿರ್ಧರಿಸಿತ್ತೆಂದರೆ ಅತಿಶಯೋಕ್ತಿಯಲ್ಲ. ವೈರಸ್ಸಿಗೆ ಮೂಗಿನ ಹಾದಿಯನ್ನು ಮುಚ್ಚಲೆಂದು 1937ರಲ್ಲಿ ಟೊರಾಂಟೊದಲ್ಲಿ ಮಕ್ಕಳ ಮೂಗಿಗೆ ಸತುವಿನ ಸಲ್ಫೇಟ್ ದ್ರಾವಣ ಸಿಂಪಡಿಸಲಾಯಿತು. ರೋಗ ತಡೆಯಲಿಲ್ಲ, ಹಲವರ ವಾಸನಾಶಕ್ತಿ ಮಾತ್ರ ಕುಂದಿತು.

1941ರಲ್ಲಿ ಆಲ್ಬರ್ಟ್ ಸೇಬಿನ್ ಮತ್ತು ರಾಬರ್ಟ್ ವಾರ್ಡ್ ಮೃತ ರೋಗಿಗಳ ಕರುಳಿನಲ್ಲಿ ವೈರಸ್ ಕಂಡರು, ಘ್ರಾಣ ನರಗಳು ಮಿದುಳು ಸೇರುವ ಘ್ರಾಣ ಕಂದಗಳಲ್ಲಿ ಕಾಣಲಿಲ್ಲ. ಬಾಯಿಯ ಮೂಲಕವೇ ಸೋಂಕು ತಗಲುವ ಚಿಂಪಾಂಜಿಗಳ ಮೇಲಿನ ಪ್ರಯೋಗಗಳೂ ವೈರಸ್ಸಿನ ಹಾದಿ ಮೂಗಲ್ಲ, ಬಾಯಿ ಮತ್ತು ಕರುಳು ಎಂದೇ ಹೇಳಿದವು. ಪಾರ್ಶ್ವವಾಯುವಿಗೆ ಮುನ್ನ ವೈರಸ್ ರಕ್ತದಲ್ಲಿ ಸಂಚರಿಸುತ್ತದೆಂಬುದನ್ನು 1952ರಲ್ಲಿ ಡೊರಥಿ ಹಾರ್ಸ್ಟ್‌ಮನ್ ಮತ್ತು ಡೇವಿಡ್ ಬೋಡಿಯನ್ ಪ್ರತ್ಯೇಕವಾಗಿ ತೋರಿಸಿದರು.

ಇಲಿಗಳು ಏಕೆ ಪಾರಾಗುತ್ತಿದ್ದವೆಂಬ ಪ್ರಶ್ನೆಗೆ ಉತ್ತರ ತಡವಾಗಿ ಸಿಕ್ಕಿತು. ವೈರಸ್ ಕೋಶಕ್ಕೆ ಅಂಟಿಕೊಳ್ಳುವ ಗ್ರಾಹಕ ಪ್ರೋಟೀನನ್ನು 1989ರಲ್ಲಿ ವಿನ್ಸೆಂಟ್ ರಾಕನಿಯೆಲ್ಲೊ ಅವರ ತಂಡ ಗುರುತಿಸಿತು. ಮಾನವನ ಆ ಗ್ರಾಹಕದ ಜೀನನ್ನು ಸೇರಿಸಿದ ಇಲಿಗಳಿಗೂ ಪೋಲಿಯೊ ತಗಲುವುದೆಂದು ಮರುವರ್ಷ ಸಿದ್ಧವಾಯಿತು. ಬಾಯಿಯ ಮೂಲಕ ಕೊಡುವ ಲಸಿಕೆ ನರಗಳಿಗೆ ಹಾನಿ ಮಾಡುವುದೇ ಎಂದು ಪರೀಕ್ಷಿಸಲು, ಕೋತಿಗಳಿಗೆ ಬದಲಾಗಿ ಇಂಥ ಇಲಿಗಳನ್ನು ಬಳಸಲು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಗೆ ನೀಡಿದೆ.