ಜಾತ್ರೆಯ ನಾಟಕ ಮತ್ತು ಹೆಣ್ಣಿನ ಸೊಕ್ಕು

ನಮ್ಮ ಯಾವಗಲ್ಲಿನಂಥ ಎರೆಸೀಮೆಯ ಊರುಗಳಿಗೆ ನಾಟಕ ಬಂದದ್ದು ಗದಗಿನ ದಾರಿಯಿಂದ. ಅಲ್ಲಿನ ಶಾಬಾದಿಮಠ ಬುಕ್ ಡಿಪೋದ ತೆಳ್ಳನೆಯ ನಾಟಕದ ಪುಸ್ತಕಗಳನ್ನು ನೋಡದ ನಾಟಕ ಮಾಸ್ತರ ನಮ್ಮ ಕಡೆ ಸಿಗಲಿಕ್ಕಿಲ್ಲ. ಸುಗ್ಗಿ ಮುಗಿದು ಜಾತ್ರೆ ಹತ್ತಿರ ಬಂತೆಂದರೆ ಹುಡುಗರು ಒಂದು ಪುಸ್ತಕ ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಾರೆ. ಪೇಟಿ ನುಡಿಸುವವನೂ ನಾನೇ, ಮಾತು ಕಲಿಸುವವನೂ ನಾನೇ. ತಾಲೀಮು ಮುಗಿಯುವ ಹೊತ್ತಿಗೆ ಎಲ್ಲ ಪಾತ್ರಗಳ ಮಾತೂ ನನಗೆ ಬಾಯಿಪಾಠವಾಗಿರುತ್ತದೆ. ಹೀಗೆ ಬಾಯಿಪಾಠ ಮಾಡುತ್ತ ಮಾಡುತ್ತ ನನಗೆ ಹೊಳೆದ ಸಂಗತಿಯೊಂದಿದೆ. ನಾಟಕದ ನೀತಿ ಕಡೆಯ ಪುಟದಲ್ಲಿರುತ್ತದೆ. ಆದರೆ ಊರು ಮನೆಗೆ ಒಯ್ಯುವುದು ನಡುವಿನ ಪುಟಗಳನ್ನು.

ಈ ನಾಟಕಗಳನ್ನು ಹಗುರ ಮಾಡಿ ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗದಗಿನ ಶ್ರೀ ದತ್ತಾತ್ರೇಯ ನಾಟಕ ಮಂಡಳಿಯ ಗರುಡ ಸದಾಶಿವರಾಯರು ಪುರಾಣದ ನಾಟಕಗಳ ಜೊತೆಗೇ ‘ವಿಷಮ ವಿವಾಹ’ ಬರೆದರು. ಮುದುಕರಿಗೆ ಎಳೆ ಹುಡುಗಿಯರನ್ನು ಕಟ್ಟುವುದು ರೂಢಿಯಲ್ಲಿದ್ದ ಕಾಲವದು. ಹುಡುಗಿಯ ಮದುವೆಗೆ ಕನಿಷ್ಠ 14 ವರ್ಷ ಆಗಿರಬೇಕೆಂಬ ಶಾರದಾ ಕಾಯ್ದೆ ಬಂದದ್ದೇ 1929ರಲ್ಲಿ. ಅದೇ ಗದಗಿನಲ್ಲಿ ವಕೀಲರಾಗಿದ್ದ ಹುಯಿಲಗೋಳ ನಾರಾಯಣರಾಯರನ್ನು ನಾಡು ನೆನೆಯುವುದು 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಲಾದ ಅವರ ನಾಡಗೀತೆಗಾಗಿ. ಅವರು ನಾಟಕಕಾರರೂ ಹೌದು. ‘ಪತಿತೋದ್ಧಾರ’, ‘ಸ್ತ್ರೀಧರ್ಮ ರಹಸ್ಯ’ ಎಂಬ ಹೆಸರುಗಳೇ ಸಾಕು, ಆ ತಲೆಮಾರು ರಂಗದ ಮೇಲೆ ನಿಂತು ಊರಿಗೆ ಬುದ್ಧಿ ಹೇಳಲು ಎಷ್ಟು ಹಂಬಲಿಸಿತ್ತು ಎಂಬುದು ತಿಳಿಯುತ್ತದೆ. ಮುಂದೆ ಪಿ.ಬಿ. ಧುತ್ತರಗಿಯವರ ‘ಮುದುಕನ ಮದುವೆ’ಯನ್ನು ಹಳ್ಳಿಹಳ್ಳಿಯೂ ಆಡಿತು. ಅದನ್ನು ನೋಡಿ ನಕ್ಕ ಊರಿನಲ್ಲಿ ಎರಡನೇ ಹೆಂಡತಿ ಹುಡುಕುವ ಮುದುಕ ಹಗಲು ಹೊತ್ತು ತಿರುಗಾಡಲು ನಾಚುವಂತಾಯಿತು. ಆ ಪುಣ್ಯ ನಾಟಕದ್ದೇ.

ಆದರೆ ಅದೇ ಪುಸ್ತಕಗಳ ಪಾತ್ರಪರಿಚಯದ ಪುಟ ತೆರೆಯಿರಿ. ಗೌಡ, ಗೌಡನ ಮಗ, ಗುಮಾಸ್ತ, ಆಳು, ಕಿವುಡ, ತೊದಲ, ಓದಿ ಬಂದ ಸೊಕ್ಕಿನ ಹುಡುಗಿ, ಮೈಮೇಲೆ ಬೀಳುವ ವಿಧವೆ, ಚಾಡಿ ಹೇಳುವ ಮುದುಕಿ. ನಾಟಕ ಯಾವುದೇ ಇರಲಿ, ಈ ಮಂದಿ ಮತ್ತೆ ಮತ್ತೆ ಬರುತ್ತಾರೆ. ಪಾತ್ರ ಹಂಚುವ ರಾತ್ರಿ ಊರಿನ ಚೊಕ್ಕ ಚಿತ್ರ ಕಾಣುತ್ತದೆ. ನಮ್ಮಲ್ಲಿ ಪಾತ್ರಕ್ಕೆ ತಕ್ಕ ಪಟ್ಟಿ, ಅಂದರೆ ಪಾತ್ರ ಮಾಡುವವನು ಕೊಡಬೇಕಾದ ವಂತಿಗೆ. ನಾಯಕನಿಗೆ ಹೆಚ್ಚು, ಆಳಿಗೆ ಕಡಿಮೆ. ದುಡ್ಡಿದ್ದವರ ಮನೆಯ ಹುಡುಗ ನಾಯಕನಾಗುತ್ತಾನೆ. ಹೊಲದಲ್ಲಿ ಅವನ ಕೈಕೆಳಗೆ ದುಡಿಯುವವನು ರಂಗದ ಮೇಲೂ ಕೈಕಟ್ಟಿ ‘ಹೌದ್ರಿ ಧಣಿ’ ಅನ್ನುತ್ತಾನೆ. ಬಡವ ಬಲ್ಲಿದ ಭೇದ ಅಳಿಯಲಿ ಎಂದು ಕಡೆಯ ಅಂಕದಲ್ಲಿ ಎಲ್ಲರೂ ಕೂಡಿ ಹಾಡುತ್ತಾರೆ. ಹಾಡು ಮುಗಿದ ಮೇಲೆ ಮೇಜು ಹೊರುವವರು ಯಾರೆಂದು ಕೇಳುವುದೇ ಬೇಡ.

ನಮ್ಮೂರಲ್ಲಿ ಮಾತು ತೊದಲುವ ಹುಡುಗನೊಬ್ಬನಿದ್ದ. ಅವನಿಗೆ ಹಾಸ್ಯದ ಪಾತ್ರ ಕಾಯಂ. ಕಲಿಸುವ ಕೆಲಸವೇ ಇರಲಿಲ್ಲ, ಬಂದು ನಿಂತರೆ ಸಾಕಿತ್ತು, ಜನ ಬಿದ್ದು ಬಿದ್ದು ನಗುತ್ತಿದ್ದರು. ಒಂದು ವರ್ಷ ಆತ ಹಾಡುವ ಪಾತ್ರ ಬೇಡಿದ. ಹಾಡುವಾಗ ಅವನಿಗೆ ತೊದಲು ಬರುತ್ತಿರಲಿಲ್ಲ. ಪೇಟಿಯ ಮುಂದೆ ಕೂರಿಸಿಕೊಂಡು ಕೇಳಿದ್ದೇನೆ, ಕಂಠ ಚೊಕ್ಕ ಇತ್ತು. ನಾಟಕದ ಕಮಿಟಿಯವರು ಕೊಡಲಿಲ್ಲ. ಆಮೇಲೆ ಅವನು ನಾಟಕದ ಕಡೆಗೇ ಬರಲಿಲ್ಲ.

ಗದಗಿಗೆ ಹೋದಾಗಲೆಲ್ಲ ನನಗೆ ಈ ಹುಡುಗ ನೆನಪಾಗುತ್ತಾನೆ. ಯಾಕೆಂದರೆ ಅಲ್ಲಿಯೇ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳನ್ನು ಸಾಕಲು ನಾಟಕ ಕಂಪನಿ ಕಟ್ಟಿದ್ದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ವೀರೇಶ್ವರ ಪುಣ್ಯಾಶ್ರಮದ ಜೊತೆ ಆ ಭಾರವನ್ನೂ ಪುಟ್ಟರಾಜ ಗವಾಯಿಗಳು ಹೊತ್ತರು. ಕಣ್ಣಿಲ್ಲದವರು ರಂಗದ ಮೇಲೆ ಶರಣರಾಗಿ, ರಾಜರಾಗಿ ನಿಂತರು. ಇಷ್ಟು ಹತ್ತಿರದಲ್ಲಿ ಇಂಥದೊಂದು ನಡೆದಿದ್ದರೂ ನಮ್ಮ ಪುಸ್ತಕಗಳ ಕುಂಟ ಕುಂಟನಾಗಿ, ಕಿವುಡ ಕಿವುಡನಾಗಿ ನಗಿಸುತ್ತಲೇ ಉಳಿದರು.

ಪಾತ್ರಪರಿಚಯದ ಪುಟದ ಆ ಸೊಕ್ಕಿನ ಹುಡುಗಿಯ ವಿಷಯಕ್ಕೆ ಬಂದರೆ, ಹೆಣ್ಣಿನ ಸೊಕ್ಕು ಮುರಿಯುವ ಕತೆ ಈ ಪುಸ್ತಕಗಳಿಗಿಂತ ಹಳೆಯದು. ಅಪರಾಳ ತಮ್ಮಣ್ಣನಿಂದ ಕುಲಗೋಡ ತಮ್ಮಣ್ಣನಿಗೆ ಬಂದ ಶ್ರೀಕೃಷ್ಣ ಪಾರಿಜಾತವನ್ನು ನಮ್ಮ ಹಿರಿಯರು ಬೆಳತನಕ ಕೂತು ನೋಡಿದವರು. ಅದರಲ್ಲಿ ಗರ್ವ ಇಳಿಯುವುದು ಸತ್ಯಭಾಮೆಯದು. ಅವಳಿಗೆ ಪಾರಿಜಾತದಲ್ಲಿ ಒಂದು ಹಿರಿಮೆಯಾದರೂ ಇದೆ, ಜಗಳಾಡುವ ಹಕ್ಕಿದೆ, ರಾತ್ರಿಯಿಡೀ ಎದುರುತ್ತರ ಕೊಡುತ್ತಾಳೆ. ಕೌಜಲಗಿ ನಿಂಗಮ್ಮನಂಥವರು ಗಂಡಸರದೇ ಆಗಿದ್ದ ಆ ಆಟಕ್ಕೆ ಬಂದು ಹೆಸರು ಮಾಡಿದರು.

ಸಣ್ಣಾಟಗಳಲ್ಲಿ ‘ಸಂಗ್ಯಾ ಬಾಳ್ಯಾ’ನ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ. ಬೈಲಹೊಂಗಲ ಸೀಮೆಯ ಬೈಲವಾಡದಲ್ಲಿ ನಿಜವಾಗಿ ನಡೆದ ಕೊಲೆಯಿಂದ ಪತ್ತಾರ ಮಾಸ್ತರರು ಕಟ್ಟಿದ್ದು. ಚಂದ್ರಶೇಖರ ಕಂಬಾರರು ಅದನ್ನು ಸಂಪಾದಿಸಿದ ಮೇಲೆ ಓದುವ ಮಂದಿಗೂ ಗೊತ್ತಾಯಿತು. ಪರರ ಹೆಂಡತಿ ಗಂಗಿಗೆ ಆಸೆಪಟ್ಟ ಸಂಗ್ಯಾ ಜೀವ ಕಳೆದುಕೊಳ್ಳುತ್ತಾನೆ, ಗೆಳೆಯ ಬಾಳ್ಯಾನೇ ಮೋಸ ಮಾಡುತ್ತಾನೆ. ನೀತಿ ಗಂಡಸಿಗೇ ಹೇಳಿದ್ದು. ಆದರೆ ಆಟ ಮುಗಿದು ಕಂಬಳಿ ಕೊಡವಿ ಎದ್ದವರು ಸಂಗ್ಯಾನಿಗಾಗಿ ಕಣ್ಣೀರು ಹಾಕುತ್ತಾರೆ, ಗಂಗಿಗೆ ಬೈಯುತ್ತಾರೆ. ಅವಳ ಬೆನ್ನು ಹತ್ತಿದವನು ಯಾರು, ಮುದುಕಿಯನ್ನು ಅವಳ ಮನೆಗೆ ಕಳಿಸಿದವನು ಯಾರು ಎಂಬುದನ್ನು ಆಟವೇ ಬಿಡಿಸಿ ತೋರಿಸಿದ್ದರೂ ಅಷ್ಟೇ. ಪತ್ತಾರ ಮಾಸ್ತರರು ಗಂಗಿಯ ಮನಸ್ಸನ್ನು ಕಂಡಷ್ಟು ನಮ್ಮ ಜನ ಕಾಣಲಿಲ್ಲ.

ಕಂಪನಿ ನಾಟಕ, ಸಿನಿಮಾ ಬಂದ ಮೇಲೆ ಹೆಣ್ಣಿನ ಜಗಳದ ಹಕ್ಕೂ ಹೋಯಿತು. ಧುತ್ತರಗಿಯವರದೇ ‘ಸಂಪತ್ತಿಗೆ ಸವಾಲ್’ 1974ರಲ್ಲಿ ಸಿನಿಮಾ ಆಯಿತು. ಎಮ್ಮೆಯ ಮೇಲೆ ಕೂತು ಹಾಡುವ ರಾಜಕುಮಾರ್, ಸೊಕ್ಕಿನ ಶ್ರೀಮಂತ ಹುಡುಗಿಯಾಗಿ ಮಂಜುಳಾ. ಹೆಸರಲ್ಲಿರುವುದು ಸಂಪತ್ತಿಗೆ ಹಾಕಿದ ಸವಾಲು. ನಮ್ಮ ಹುಡುಗರು ಹಿಡಿದುಕೊಂಡದ್ದು ಹುಡುಗಿಗೆ ಹಾಕಿದ ಸವಾಲನ್ನು. ಈ ಜಾಡು ಪರದೇಶದಿಂದಲೂ ಬಂದು ಕೂಡಿತು. ಷೇಕ್ಸ್‌ಪಿಯರ್ ಬರೆದ, ಹಟದ ಹೆಣ್ಣನ್ನು ಪಳಗಿಸುವ ನಾಟಕವನ್ನು ಪರ್ವತವಾಣಿಯವರು ‘ಬಹದ್ದೂರ್ ಗಂಡ’ ಎಂದು ಕನ್ನಡಕ್ಕೆ ತಂದರು. ಅದೇ 1989ರಲ್ಲಿ ‘ನಂಜುಂಡಿ ಕಲ್ಯಾಣ’ವಾಯಿತು. ಮಾಲಾಶ್ರೀಯವರ ಆ ಮೊದಲ ಕನ್ನಡ ಸಿನಿಮಾ ಬಂದ ಮೇಲೆ ನಮ್ಮ ಜಾತ್ರೆಯ ನಾಟಕಗಳಲ್ಲಿ ಪ್ಯಾಂಟು ತೊಟ್ಟ ಹುಡುಗಿ ಇಲ್ಲದ ವರ್ಷವೇ ಇಲ್ಲದಂತಾಯಿತು. ಮೊದಲ ಅಂಕದಲ್ಲಿ ಪ್ಯಾಂಟು, ಕಡೆಯ ಅಂಕದಲ್ಲಿ ಸೀರೆ. ನಡುವೆ ಕಪಾಳಕ್ಕೆ ಒಂದು ಏಟು.

ಆ ಏಟು ತಿನ್ನುವವಳು ನಮ್ಮೂರವಳಲ್ಲ. ಗದಗಿನಿಂದಲೋ ಹುಬ್ಬಳ್ಳಿಯಿಂದಲೋ ಸಂಬಳಕ್ಕೆ ಕರೆಸಿದ ಕಲಾವಿದೆ. ಸಂಜೆಯ ಬಸ್ಸಿಗೆ ಬಂದು, ಸಾಲಿಯ ಕೋಣೆಯಲ್ಲಿ ಬಣ್ಣ ಹಚ್ಚಿಕೊಂಡು, ಒಂದೇ ಒಂದು ತಾಲೀಮಿನಲ್ಲಿ ಮಾತು ಕೂಡಿಸಿಕೊಳ್ಳುತ್ತಾಳೆ. ನಾಟಕದ ನಡುವೆ ಮೈಕಿನಲ್ಲಿ ಹೆಸರು ಕೂಗಿ ಆಯೇರಿ ಮಾಡುವ ಪದ್ಧತಿ ನಮ್ಮಲ್ಲಿದೆ. ಹತ್ತು, ಐವತ್ತು, ನೂರರ ನೋಟು. ಬಹಳ ವರ್ಷ ನಮ್ಮೂರಿಗೆ ಬಂದುಹೋದ ಹಿರಿಯ ಕಲಾವಿದೆಯೊಬ್ಬಳು ಬೆಳಗಿನ ಚಹಾ ಕುಡಿಯುತ್ತ ಹೇಳಿದಳು: “ಮಾಸ್ತರ, ಹಾಡಿದ್ರ ಆಯೇರಿ ಬರತಾವ್ರಿ. ಅತ್ತರೂ ಬರತಾವ್ರಿ. ಹೊಡತಾ ತಿಂದಾಗ ಅಂತೂ ಸೀಟಿ ಮ್ಯಾಲೆ ಸೀಟಿ, ನಾಯಕನಿಗೆ ನೋಟು ಸುರೀತಾವು. ನಾ ತಿರುಗಿ ಮಾತಾಡೋ ಸೀನಿಗೆ ಒಂದ ರೂಪಾಯಿ ಬಂದದ್ದ ನನಗ ನೆನಪಿಲ್ಲ.”

ಆಯೇರಿಯ ಲೆಕ್ಕದ ವಹಿಗಳು ಕಮಿಟಿಯ ಬಳಿ ಇದ್ದವು. ತೆಗೆದು ನೋಡಿದೆ. ಆಕೆ ಹೇಳಿದ್ದು ಸುಳ್ಳಲ್ಲ. ಯಾವ ಅಂಕದಲ್ಲಿ ಯಾರು ಎಷ್ಟು ಎಂದು ಬರೆದಿಟ್ಟ ಆ ವಹಿಗಳು ನಮ್ಮೂರು ನಾಟಕದಿಂದ ಏನು ಕಲಿಯಿತು ಎಂಬುದನ್ನು ಯಾವ ವಿಮರ್ಶಕನಿಗಿಂತ ಚೆನ್ನಾಗಿ ಹೇಳುತ್ತವೆ. ರಾತ್ರಿ ಅವಳ ಕಣ್ಣೀರಿಗೆ ನೋಟು ಕೊಟ್ಟವರೇ, ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ನೋಡಿ ಆಡಬಾರದ ಮಾತು ಆಡಿದ್ದನ್ನು ನಾನು ಕೇಳಿದ್ದೇನೆ. ನಮ್ಮ ಮನೆಯ ಹೆಣ್ಣುಮಕ್ಕಳನ್ನು ರಂಗಕ್ಕೆ ಹತ್ತಿಸದೆ ಇರಲು ಇದೇ ಕಾರಣ. ಅವರು ಹತ್ತದೆ ಇರುವುದರಿಂದಲೇ ಬೇರೆಯವರ ಮಗಳ ಬಗ್ಗೆ ನಮ್ಮ ನಾಲಿಗೆ ಇಷ್ಟು ಸಡಿಲ.

ಈ ವರ್ಷ ರೋಣದ ಕಾಲೇಜಿಗೆ ಹೋಗುವ ನಮ್ಮೂರ ಹುಡುಗಿಯೊಬ್ಬಳು ಪಾತ್ರ ಮಾಡುತ್ತೇನೆಂದು ತಾನಾಗಿ ಕೇಳಿದ್ದಾಳೆ. ಅವಳ ಅವ್ವ ಮೂರು ದಿನ ಮಾತು ಬಿಟ್ಟು, ಆಮೇಲೆ ತಾನೇ ತಾಲೀಮಿಗೆ ಕರೆದುಕೊಂಡು ಬಂದಳು. ಹುಡುಗಿಯದು ಒಂದೇ ಶರತ್ತು: “ಕಾಕಾ, ಕಪಾಳಕ್ಕ ಹೊಡಿಯೋ ಸೀನ ತಗೀರಿ.” ಕಮಿಟಿಯ ಹಿರಿಯರು “ಅದನ್ನ ತಗದ್ರ ಜನಾ ಕೂಡತಾರೇನೋ ಮಾಸ್ತರ?” ಎಂದರು. ಪುಸ್ತಕದಲ್ಲಿ ಆ ನಾಲ್ಕು ಸಾಲಿಗೆ ನಾನು ಕಾಟು ಹೊಡೆದಿದ್ದೇನೆ. ಅಲ್ಲಿ ಅವಳು ಕೊಡಬೇಕಾದ ಉತ್ತರವನ್ನು ಅವಳೇ ಬರೆದುಕೊಂಡು ಬಂದಿದ್ದಾಳೆ, ಎರಡು ಪುಟ. ಉದ್ದವಾಯಿತು ಎಂದು ನಾಯಕನ ಪಾತ್ರದವನು ತಕರಾರು ತೆಗೆದಿದ್ದಾನೆ, ನಾಳೆ ರಾತ್ರಿಯ ತಾಲೀಮಿನಲ್ಲಿ ಅದರ ಪಂಚಾಯ್ತಿ ಇದೆ.