ಕೆರೆ ಕಟ್ಟಿದವರ ಕರಾರು, ಪೈಪು ಹಾಕುವವರ ಕರಾರು

ಸೂಳೆಕೆರೆಯ ಕತೆ ಚನ್ನಗಿರಿ ಸೀಮೆಯಲ್ಲಿ ಕೇಳದವರಿಲ್ಲ. ರಾಜನ ಮಗಳು ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ಆ ಜಾಗ ವೇಶ್ಯೆಯರದಾಗಿತ್ತಂತೆ. ಜಾಗ ಬಿಡುತ್ತೇವೆ, ಆದರೆ ಕೆರೆಗೆ ನಮ್ಮ ಹೆಸರೇ ಇರಬೇಕು ಎಂದರಂತೆ ಅವರು. ಕಾಗದದಲ್ಲಿ ಶಾಂತಿಸಾಗರ ಎಂದಿದ್ದರೂ ಜನರ ಬಾಯಲ್ಲಿ ಇವತ್ತಿಗೂ ಅದು ಸೂಳೆಕೆರೆ.

ಇದು ಜನ ಹೇಳುವ ಕತೆ, ಶಾಸನವಲ್ಲ. ಆದರೂ ಇದರೊಳಗೆ ಒಂದು ನಿಜ ಇದೆ. ದುಡ್ಡು ಹಾಕುವವರು ಒಬ್ಬರು, ಜಾಗ ಬಿಡುವವರು ಇನ್ನೊಬ್ಬರು, ನೀರು ಬಳಸುವವರು ಊರವರೆಲ್ಲ. ಹಾಗಾಗಿ ನೀರಿನ ಕೆಲಸಕ್ಕೆ ಕರಾರು ಬೇಕೇ ಬೇಕು.

ಈಗ ಪಟ್ಟಣಗಳ ಹೊಸ ಬಡಾವಣೆಗೆ ನೀರು, ಒಳಚರಂಡಿ ಒಯ್ಯುವ ಮಾತು ಬಂದಾಗಲೆಲ್ಲ ಸರ್ಕಾರಿ-ಖಾಸಗಿ ಸಹಭಾಗಿತ್ವ, ಅಂದರೆ ಪಿಪಿಪಿ, ಎಂಬ ಮಾತೂ ಬರುತ್ತದೆ. ಹೆಸರು ಹೊಸದು, ಪದ್ಧತಿ ಹಳೆಯದು.

ಕನ್ನಡ ಶಾಸನಗಳಲ್ಲಿ ಕಟ್ಟುಕೊಡಗಿ ಎಂಬ ಪದ ಬರುತ್ತದೆ. ಸ್ವಂತ ಖರ್ಚಿನಲ್ಲಿ ಕೆರೆ ಕಟ್ಟಿದವರಿಗೆ, ಒಡೆದ ಏರಿ ಸರಿ ಮಾಡಿಸಿದವರಿಗೆ ಕೆರೆಯ ಕೆಳಗೆ ಕಂದಾಯವಿಲ್ಲದ ಅಥವಾ ಕಡಿಮೆ ಕಂದಾಯದ ಜಮೀನು ಸಿಗುತ್ತಿತ್ತು. ಕೆರೆಯನ್ನು ಮುಂದೆಯೂ ಸುಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕು ಎಂಬುದು ಷರತ್ತು. ಬಿತ್ತುವಟ್ಟ ಎಂಬುದು ಇನ್ನೊಂದು ಪದ. ಕೆರೆ ನೀರು ಉಣ್ಣುವ ಗದ್ದೆಗಳ ಆದಾಯದಲ್ಲಿ ಒಂದು ಪಾಲನ್ನು ಕೆರೆಗೇ ಮೀಸಲಿಡುತ್ತಿದ್ದರು. ಹೂಳೆತ್ತುವ ಖರ್ಚು ಅದರಿಂದ ನಡೆಯುತ್ತಿತ್ತು.

ಅಂದರೆ ಕಟ್ಟುವವರು ಯಾರು, ಅವರಿಗೆ ಸಿಗುವುದೇನು, ವರ್ಷ ವರ್ಷದ ರಿಪೇರಿ ದುಡ್ಡು ಎಲ್ಲಿಂದ ಎಂಬ ಮೂರೂ ಮೊದಲೇ ತೀರ್ಮಾನವಾಗುತ್ತಿದ್ದವು. ಕಲ್ಲಿನ ಮೇಲೆ ಕೆತ್ತಿ ಎಲ್ಲರ ಕಣ್ಣೆದುರು ನಿಲ್ಲಿಸುತ್ತಿದ್ದರು. ಅಂದಿನ ಕಾಲ ಚಿನ್ನದ ಕಾಲ ಎಂದು ನಾವು ಹೇಳುತ್ತಿಲ್ಲ. ನೀರು ಯಾರು ಮುಟ್ಟಬೇಕು, ಯಾರು ಮುಟ್ಟಬಾರದು ಎಂಬ ಕಟ್ಟಳೆಯೂ ಆ ಕಾಲದ್ದೇ.

ಮೈಸೂರು ಸಂಸ್ಥಾನದ ಕಾಲಕ್ಕೆ ಕರಾರು ಬದಲಾಯಿತು. ನಮ್ಮ ನಾಲ್ಕೂ ಸೀಮೆ ಆಗ ಆ ಸಂಸ್ಥಾನದಲ್ಲೇ ಇದ್ದವು. ಕಲ್ಲು ಗಾರೆಯ ಕೆಲಸ ಸರ್ಕಾರದ್ದು, ಏರಿಗೆ ಮಣ್ಣು ಹಾಕುವ ಕೆಲಸ ರೈತರದ್ದು ಎಂದಾಯಿತು. ಆಮೇಲೆ ಕೆರೆ ಸರ್ಕಾರದ್ದು ಎಂಬ ಭಾವನೆ ಬೆಳೆದಂತೆ ಮಣ್ಣು ಹಾಕುವ ಕೈಗಳು ಕಡಿಮೆಯಾದವು.

ನಲ್ಲಿ ನೀರಿಗೆ ಖಾಸಗಿಯವರು ಬಂದ ಕತೆ ಇತ್ತೀಚಿನದು. 2005ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ಬಡಾವಣೆಗಳಲ್ಲಿ ದಿನದ 24 ಗಂಟೆ ನೀರು ಕೊಡುವ ಪ್ರಯೋಗಕ್ಕೆ ಫ್ರಾನ್ಸ್ ಮೂಲದ ವಿಯೋಲಿಯಾ ಕಂಪನಿಗೆ ಗುತ್ತಿಗೆ ಕೊಡಲಾಯಿತು. 2008ರ ಹೊತ್ತಿಗೆ ಅಲ್ಲಿ ನೀರು ನಿಲ್ಲದೆ ಬಂತು. ಅದು ಸಣ್ಣ ಸಾಧನೆಯಲ್ಲ. ಆದರೆ ಬಂಡವಾಳ ಕಂಪನಿಯದಲ್ಲ. ವಿಶ್ವಬ್ಯಾಂಕಿನಿಂದ ತಂದ ಸಾಲ ಮತ್ತು ಸರ್ಕಾರದ ಹಣ. ಕಂಪನಿ ಕೆಲಸ ನಡೆಸಿ ಶುಲ್ಕ ಪಡೆಯಿತು. ಆ ಪ್ರಯೋಗ ಮುಟ್ಟಿದ್ದು ಆ ನಗರಗಳ ಸುಮಾರು ಹತ್ತರಲ್ಲಿ ಒಂದು ಪಾಲು ಜನರನ್ನು. ಉಳಿದ ಊರಿಗೆ ವಿಸ್ತರಿಸಲು 2016ರಲ್ಲಿ ವಿಶ್ವಬ್ಯಾಂಕಿನಿಂದ ಮತ್ತೆ ಸಾಲ ಮಂಜೂರಾಗಬೇಕಾಯಿತು. ನಮ್ಮ ಪಕ್ಕದ ದಾವಣಗೆರೆ, ಹರಿಹರದ ಜಲಸಿರಿ ಯೋಜನೆಗೆ ಸಾಲ ಬಂದದ್ದು ಏಷ್ಯಾ ಅಭಿವೃದ್ಧಿ ಬ್ಯಾಂಕಿನಿಂದ.

ಹಳ್ಳಿಯಲ್ಲೂ ಇದರ ಚಿಕ್ಕ ರೂಪ ಇದೆ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕ ನೆನಪಿಸಿಕೊಳ್ಳಿ. ಕಟ್ಟಿಸಿದ್ದು ಸರ್ಕಾರದ ದುಡ್ಡು, ಎಷ್ಟೋ ಕಡೆ ನಡೆಸುವುದು ಏಜೆನ್ಸಿ. ಕೆಟ್ಟು ನಿಂತರೆ ಪಂಚಾಯ್ತಿಯವರು ಏಜೆನ್ಸಿಯ ಕಡೆ ಕೈ ತೋರಿಸುತ್ತಾರೆ, ಏಜೆನ್ಸಿಯವರು ಪಂಚಾಯ್ತಿಯ ಕಡೆ. ರಿಪೇರಿ ಯಾರದ್ದು ಎಂದು ಘಟಕದ ಗೋಡೆಯ ಮೇಲೆ ಬರೆದಿದ್ದರೆ ನಾವು ಖಾಲಿ ಕ್ಯಾನ್ ಹಿಡಿದು ವಾಪಸ್ ಬರುತ್ತಿರಲಿಲ್ಲ. ಜಗಳೂರಿನ 57 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆಗೂ ಇದೇ ಮಾತು. ಪೈಪು ಹಾಕುವ ಖರ್ಚು ಒಂದು ಸಲದ್ದು. ಮೋಟರಿನ ಕರೆಂಟ್ ಬಿಲ್ಲು, ರಿಪೇರಿ ಪ್ರತಿ ವರ್ಷದ್ದು. ಅದಕ್ಕೊಂದು ಬಿತ್ತುವಟ್ಟ ಬೇಕಲ್ಲವೇ?

ಒಳಚರಂಡಿಯ ಲೆಕ್ಕ ಬೇರೆ. ನೀರು ಬಂದರೆ ಮನೆಯವರು ಬಿಲ್ಲು ಕಟ್ಟುತ್ತಾರೆ, ಕಂಪನಿಗೆ ಆಸೆ ಹುಟ್ಟುತ್ತದೆ. ಕೊಳಚೆ ಶುದ್ಧ ಮಾಡಿದರೆ ಲಾಭ ಯಾರಿಗೆ? ಹೊಳೆಯ ಕೆಳಗಿನ ಊರಿಗೆ. ಶಿವಮೊಗ್ಗದ ಕೊಳಚೆ ಸೇರಿದ ನೀರು ಹೊನ್ನಾಳಿಗೆ ಹರಿದು ಬರುತ್ತದೆ. ಹೊನ್ನಾಳಿಯಿಂದ ಬಿಟ್ಟದ್ದು ಹರಿಹರಕ್ಕೆ ಹೋಗುತ್ತದೆ. ಕೆಳಗಿನ ಊರಿನವರು ಮೇಲಿನ ಊರಿನ ಬಿಲ್ಲು ಕಟ್ಟುವುದಿಲ್ಲ. ಅದಕ್ಕೇ ಒಳಚರಂಡಿಗೆ ಸರ್ಕಾರವೇ ದುಡ್ಡು ಹಾಕಬೇಕಾಗುತ್ತದೆ. ಗಂಗಾ ನದಿ ಯೋಜನೆಯ ಕೆಲವು ಶುದ್ಧೀಕರಣ ಘಟಕಗಳಲ್ಲಿ ಕಟ್ಟುವಾಗ ಕಂಪನಿಗೆ ಶೇ 40 ಹಣ ಕೊಟ್ಟು, ಉಳಿದ ಶೇ 60ನ್ನು 15 ವರ್ಷಗಳ ಕಂತಿನಲ್ಲಿ, ಘಟಕ ಸರಿಯಾಗಿ ನಡೆದಂತೆ ಕೊಡುತ್ತಾರೆ. ನಮ್ಮ ಕಟ್ಟುಕೊಡಗಿಯ ದೂರದ ನೆಂಟ ಎನ್ನಬಹುದು.

2021ರ ಅಮೃತ್ 2.0 ಯೋಜನೆಯಲ್ಲಿ ನೀರು ಎಲ್ಲ ಪಟ್ಟಣಗಳಿಗೂ ಇದೆ. ಒಳಚರಂಡಿ ಮಾತ್ರ ದೇಶದ 500 ದೊಡ್ಡ ನಗರಗಳಿಗೆ. ದಾವಣಗೆರೆ ಆ ಪಟ್ಟಿಯಲ್ಲಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಸಣ್ಣ ಊರುಗಳ ಕೊಳಚೆ ನೀರಿನ ಕೆಲಸ ಸ್ವಚ್ಛ ಭಾರತ್ 2.0ರ ಕಡೆಗಿದೆ. ನಲ್ಲಿ ನೀರು ಹೆಚ್ಚಿದಷ್ಟೂ ಮೋರಿಯ ನೀರೂ ಹೆಚ್ಚುತ್ತದೆ. ಎರಡಕ್ಕೂ ಒಟ್ಟಿಗೆ ಯೋಚನೆ ಮಾಡದಿದ್ದರೆ ಅದು ಹೋಗುವುದು ಕೆರೆಗೆ, ಹೊಳೆಗೆ, ಪಕ್ಕದ ಹಳ್ಳಿಯ ಹೊಲಕ್ಕೆ.

ಖಾಸಗಿಯವರು ಬರಲೇಬಾರದು ಎಂಬುದು ನಮ್ಮ ವಾದವಲ್ಲ. ಹಿಂದೆ ಕೆರೆ ಕಟ್ಟಿಸಿದವರಲ್ಲೂ ಎಷ್ಟೋ ಮಂದಿ ರಾಜರಾಗಿರಲಿಲ್ಲ. ಆದರೆ ಕರಾರು ಕಾಣುವಂತಿರಲಿ. ನಿಮ್ಮೂರಿಗೆ ಇಂಥ ಯೋಜನೆ ಬಂದರೆ ಮೂರೇ ಪ್ರಶ್ನೆ ಕೇಳಿ. ಬಂಡವಾಳ ಯಾರದು? ಕಂಪನಿಗೆ ಎಷ್ಟು ವರ್ಷ, ಏನು ಸಿಗುತ್ತದೆ? ಗುತ್ತಿಗೆ ಮುಗಿದ ಮೇಲೆ ರಿಪೇರಿ ದುಡ್ಡು ಎಲ್ಲಿಂದ? ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಕರಾರು ಪತ್ರದ ಪ್ರತಿ ಕೇಳಿ. ಸಿಕ್ಕಿದ್ದನ್ನು ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ. ಹಿಂದೆ ಕೆರೆ ಏರಿಯ ಮೇಲಿನ ಕಲ್ಲು ಮಾಡುತ್ತಿದ್ದದ್ದೂ ಅದೇ ಕೆಲಸ.